ಗುಲಾಬಿ ಹಂದಿಯ ರೈಲು, ಅಜ್ಜನ ಹೋಟೆಲಿನ ಕಿಟಕಿ

ಅಮೆರಿಕಕ್ಕೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಗೆಳತಿಗೆ ಎಪ್ಪತ್ತೊಂಬತ್ತು ವರ್ಷ. ಕಂಪನಿಯವರು ನನ್ನನ್ನು ಬೆಂಗಳೂರಿನಿಂದ ಅಟ್ಲಾಂಟಾಕ್ಕೆ ಕಳಿಸಿದಾಗ ಬಾಡಿಗೆಗೆ ಸಿಕ್ಕಿದ್ದು ಒಂದು ಹಳೇ ಮನೆಯ ಮೇಲಿನ ಮಹಡಿ. ಕೆಳಗೆ ಓನರ್. ಈ ಕಡೆ ಹಿರಿಯ ಹೆಂಗಸರನ್ನು ಬರೀ ಹೆಸರು ಹಿಡಿದು ಕರೆಯೋದಿಲ್ಲ, ಹೆಸರಿನ ಮುಂದೆ ‘ಮಿಸ್’ ಸೇರಿಸ್ತಾರೆ. ನಾನೂ ಎದುರಿಗೆ ಹಾಗೇ ಕರೀತೀನಿ. ಅಮ್ಮನ ಜೊತೆ ಫೋನಲ್ಲಿ ಮಾತಾಡುವಾಗ ಮಾತ್ರ ಅವರು ‘ಓನರ್ ಅಜ್ಜಿ’.

ಓನರ್ ಅಜ್ಜಿ ಹುಟ್ಟಿ ಬೆಳೆದದ್ದೆಲ್ಲ ಅಟ್ಲಾಂಟಾದಲ್ಲೇ. ಸಂಜೆ ವರಾಂಡದಲ್ಲಿ ಕೂತು ಐಸ್ ಹಾಕಿದ ಸಿಹಿ ಚಹಾ ಕುಡಿಯೋದು ಅವರ ಅಭ್ಯಾಸ. ನಾನು ಕೆಲಸ ಮುಗಿಸಿ ಬಂದರೆ ಒಂದು ಲೋಟ ನನಗೂ ಇರುತ್ತೆ. ಚಹಾದ ಜೊತೆ ಹಳೇ ಊರಿನ ಕಥೆ ಫ್ರೀ.

‘ಹನಿ, ನೀನು ಈಗ ನೋಡ್ತಿರೋದು ಅಟ್ಲಾಂಟಾನೇ ಅಲ್ಲ’ ಅಂತ ಶುರುವಾಗುತ್ತೆ ಕಥೆ. ನಮ್ಮ ಅಪ್ಪ ‘ಇದೇನು ಬೆಂಗಳೂರಾ? ಬೆಂಗಳೂರು ನಾವು ನೋಡಿದ್ದು’ ಅಂತ ಶುರು ಮಾಡ್ತಾರಲ್ಲ, ಥೇಟ್ ಹಾಗೇ.

ಅವರ ಕಥೆಗಳಲ್ಲಿ ಹೆಚ್ಚು ಬರೋದು ‘ರಿಚ್ಸ್’ ಅನ್ನೋ ಡಿಪಾರ್ಟ್‌ಮೆಂಟ್ ಸ್ಟೋರ್. 1867ರಲ್ಲಿ ಮಾರಿಸ್ ರಿಚ್ ಅನ್ನೋರು ಶುರು ಮಾಡಿದ ಅಂಗಡಿ, ಬೆಳೆದು ಬೆಳೆದು ಡೌನ್‌ಟೌನ್‌ನಲ್ಲಿ ದೊಡ್ಡ ಕಟ್ಟಡ ಆಯ್ತು. 1948ರಲ್ಲಿ ರಸ್ತೆಯ ಆಚೆ ಬದಿಗೆ ಇನ್ನೊಂದು ಕಟ್ಟಡ ಕಟ್ಟಿ, ಎರಡರ ನಡುವೆ ರಸ್ತೆ ಮೇಲೇ ನಾಲ್ಕು ಅಂತಸ್ತಿನ ಗಾಜಿನ ಸೇತುವೆ ಹಾಕಿದರು. ಅದೇ ವರ್ಷದಿಂದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಾತ್ರಿ ದೊಡ್ಡ ಕ್ರಿಸ್‌ಮಸ್ ಮರಕ್ಕೆ ದೀಪ ಹಾಕುವ ಸಂಭ್ರಮ. ಗಾಜಿನ ಸೇತುವೆಯ ಒಂದೊಂದು ಅಂತಸ್ತಿನಲ್ಲೂ ಹಾಡುವವರು. ಕೆಳಗೆ ಚಳಿಯಲ್ಲಿ ನಿಂತ ಜನಸಾಗರ. ಹಾಡು ಏರುಸ್ವರಕ್ಕೆ ಹೋಗ್ತಿದ್ದ ಹಾಗೇ ಇಡೀ ಮರಕ್ಕೆ ಜಗ್ ಅಂತ ಬೆಳಕು. ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದನ್ನು ಹೇಳುವಾಗ ಓನರ್ ಅಜ್ಜಿಯ ಕಣ್ಣಲ್ಲೂ ಆ ಬೆಳಕು ಬರುತ್ತೆ.

1953ರಲ್ಲಿ ಅದೇ ಅಂಗಡಿಗೆ ‘ಪಿಂಕ್ ಪಿಗ್’ ಬಂತು. ಆಟಿಕೆ ವಿಭಾಗದ ಚಾವಣಿಗೆ ಹಳಿ ಹಾಕಿ, ಅದಕ್ಕೆ ನೇತು ಹಾಕಿದ ಪುಟ್ಟ ರೈಲು. ರೈಲಿನ ಮುಖ ಗುಲಾಬಿ ಬಣ್ಣದ ಹಂದಿ! ಮಕ್ಕಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರೆ ಅದು ಆಟಿಕೆಗಳ ಮೇಲಿಂದ ಸುತ್ತು ಹಾಕ್ತಿತ್ತು. ಆಗ ಅಜ್ಜಿಗೆ ಎಂಟು ವರ್ಷ. ಇಳಿದ ಮೇಲೆ ಎದೆ ಮೇಲೆ ಅಂಟಿಸುವ ಸ್ಟಿಕರ್ ಕೊಡ್ತಿದ್ದರು, ‘ನಾನು ಪಿಂಕ್ ಪಿಗ್ ಹತ್ತಿದ್ದೀನಿ’ ಅಂತ. ಅಂಥದ್ದೊಂದು ಸ್ಟಿಕರ್ ಅವರ ಬೈಬಲ್ ಒಳಗೆ ಈಗಲೂ ಇದೆ. ನನಗೆ ತೋರಿಸಿದ್ದಾರೆ.

ರಿಚ್ಸ್ ಒಳಗೇ ‘ಮ್ಯಾಗ್ನೋಲಿಯಾ ರೂಮ್’ ಅಂತ ಊಟದ ಕೋಣೆ. ಹೆಂಗಸರು ಕೈಗೆ ಗ್ಲೌಸ್, ತಲೆಗೆ ಹ್ಯಾಟು ಹಾಕಿ ಬರ್ತಿದ್ದರಂತೆ. ಅಲ್ಲಿಯ ಚಿಕನ್ ಸಲಾಡ್, ಅಂಗಡಿಯ ಬೇಕರಿಯ ತೆಂಗಿನಕಾಯಿ ಕೇಕ್ – ಇವೆರಡರ ಬಗ್ಗೆ ಮಾತು ಬಂದರೆ ಅಜ್ಜಿ ಅರ್ಧ ಗಂಟೆ ನಿಲ್ಲಿಸೋದಿಲ್ಲ. ‘ತಗೊಂಡ ಸಾಮಾನು ಬೇಡ ಅಂತ ಎಷ್ಟು ದಿನದ ಮೇಲೆ ವಾಪಸ್ ಕೊಟ್ಟರೂ ತಗೊಳ್ತಿದ್ರು. ಮಾತೇ ಇಲ್ಲ’ ಅಂತಾರೆ. 1930ರ ಸುಮಾರಿಗೆ ಆರ್ಥಿಕ ಕುಸಿತ ಆದಾಗ ನಗರಸಭೆ ಹತ್ತಿರ ದುಡ್ಡಿಲ್ಲದೆ ಶಾಲಾ ಮೇಷ್ಟ್ರುಗಳಿಗೆ ಸಂಬಳದ ಬದಲು ಚೀಟಿ ಕೊಟ್ಟರಂತೆ. ಆ ಚೀಟಿಗೆ ಒಂದು ಸೆಂಟೂ ಮುರಿಯದೆ ಪೂರ್ತಿ ನಗದು ಕೊಟ್ಟದ್ದು ರಿಚ್ಸ್. ಊರಿನವರು ಅಂಗಡಿಯನ್ನು ಮನೆ ಮಂದಿಯ ಹಾಗೆ ನೋಡ್ತಿದ್ದದ್ದು ಸುಮ್ಮನೆ ಅಲ್ಲ.

ಆಮೇಲೆ ಫಾಕ್ಸ್ ಥಿಯೇಟರ್. ಇದು ಈಗಲೂ ಇದೆ, ನಾನೂ ಹೋಗಿದ್ದೀನಿ. 1929ರ ಕ್ರಿಸ್‌ಮಸ್ ದಿನ ಶುರುವಾದದ್ದು. ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಸೀಟು. ಒಳಗೆ ಹೋದರೆ ಅರಬ್ಬರ ಕೋಟೆಯೊಂದರ ಅಂಗಳದಲ್ಲಿ ಕೂತ ಹಾಗೆ. ಚಾವಣಿಯೇ ಆಕಾಶ. ನಕ್ಷತ್ರ ಮಿನುಗುತ್ತವೆ, ಮೋಡ ತೇಲುತ್ತೆ. ಸಿನಿಮಾಕ್ಕೆ ಮುಂಚೆ ನೆಲದ ಅಡಿಯಿಂದ ಒಂದು ದೊಡ್ಡ ಆರ್ಗನ್ ವಾದ್ಯ ಮೇಲೆ ಬರುತ್ತೆ. ಅದಕ್ಕೆ ಮೂರೂವರೆ ಸಾವಿರಕ್ಕೂ ಹೆಚ್ಚು ಕೊಳವೆಗಳಿವೆ. ಇಡೀ ಥಿಯೇಟರ್ ಒಟ್ಟಿಗೆ ಹಾಡ್ತಿತ್ತಂತೆ. 1970ರ ದಶಕದ ಮಧ್ಯದಲ್ಲಿ ಟೆಲಿಫೋನ್ ಕಂಪನಿಯ ಕಚೇರಿಗಾಗಿ ಅದನ್ನು ಕೆಡವಲು ಹೊರಟಾಗ ಊರಿನ ಜನ ಚಂದಾ ಎತ್ತಿ ಉಳಿಸಿಕೊಂಡರು. ಓನರ್ ಅಜ್ಜಿಯೂ ಐದು ಡಾಲರ್ ಕೊಟ್ಟಿದ್ದರು.

‘ವಾರ್ಸಿಟಿ’ ಅನ್ನೋ ಹೋಟೆಲಿಗೆ ನನ್ನನ್ನು ಅವರೇ ಕರ್ಕೊಂಡು ಹೋದರು. 1928ರಿಂದ ನಡೀತಿರೋ ಜಾಗ. ಕಾರಲ್ಲೇ ಕೂತರೆ ಹುಡುಗರು ಓಡಿ ಬಂದು ಆರ್ಡರ್ ತಗೊಳ್ತಿದ್ದರಂತೆ. ಅವರಲ್ಲಿ ‘ಫ್ಲಾಸಿ ಮೇ’ ಅಂತ ಎಲ್ಲರೂ ಕರೀತಿದ್ದ ಒಬ್ಬ ಕಪ್ಪು ಮನುಷ್ಯ ವಿಚಿತ್ರ ಹ್ಯಾಟು ಹಾಕಿ, ಇಡೀ ಮೆನುವನ್ನು ಹಾಡಿನ ಥರ ಹೇಳ್ತಿದ್ದರು. ನಮ್ಮ ದರ್ಶಿನಿಗಳ ಕ್ಯಾಶ್ ಕೌಂಟರ್ ಥರ ಇಲ್ಲೂ ಗಡಿಬಿಡಿ. ‘ಏನು ಬೇಕು, ಬೇಗ ಹೇಳಿ’ ಅಂತ ಕೂಗ್ತಾರೆ. ಸಸ್ಯಾಹಾರಿ ನಾನು ತಿಂದದ್ದು ಈರುಳ್ಳಿ ಬಜ್ಜಿ! ಅವರು ಅದನ್ನು ಆನಿಯನ್ ರಿಂಗ್ಸ್ ಅಂತಾರೆ, ಅಷ್ಟೇ. ಜೊತೆಗೆ ತಣ್ಣಗಿನ ಕಿತ್ತಳೆ ಶೇಕ್.

ಹೀಗೆ ಒಂದು ವರ್ಷದಲ್ಲಿ ನನಗೆ ನಾನು ಹುಟ್ಟೋದಕ್ಕೆ ನಲವತ್ತು ವರ್ಷ ಹಿಂದಿನ ಅಟ್ಲಾಂಟಾ ಬಾಯಿಪಾಠ ಆಗಿಹೋಯ್ತು. ನೋಡದೇ ಇರೋ ಊರಿನ ಬಗ್ಗೆ ನನಗೂ ಹಳಹಳಿಕೆ ಶುರುವಾಯ್ತು. ಆಫೀಸಲ್ಲಿ ಯಾರಾದರೂ ಹಳೇ ಕಟ್ಟಡದ ಬಗ್ಗೆ ಕೇಳಿದರೆ ನಾನೇ ಹೇಳೋಳು, ‘ಅಯ್ಯೋ, ಆಗಿನ ರಿಚ್ಸ್ ನೋಡಬೇಕಿತ್ತು!’

* * *

ನಮ್ಮ ಆಫೀಸಲ್ಲಿ ತಿಂಗಳಿಗೊಂದು ಶನಿವಾರ ಸಮಾಜಸೇವೆ. ಕಳೆದ ವರ್ಷ ನನಗೆ ಸಿಕ್ಕ ಕೆಲಸ, ಲೈಬ್ರರಿಯಲ್ಲಿ ಹಿರಿಯರಿಗೆ ಫೋನ್ ಬಳಸೋದು ಕಲಿಸೋದು. ಅಲ್ಲಿ ಬರ್ತಿದ್ದವರಲ್ಲಿ ಒಬ್ಬರು ಎಂಬತ್ತೊಂದು ವರ್ಷದ ರಿಟೈರ್ಡ್ ಟೀಚರ್. ಕಪ್ಪು ಜನಾಂಗದವರು. ಇಸ್ತ್ರಿ ಮಾಡಿದ ಬಟ್ಟೆ, ಮುತ್ತಿನ ಓಲೆ, ಮೇಷ್ಟ್ರ ಗತ್ತು. ತಪ್ಪು ಬಟನ್ ಒತ್ತಿದರೆ ತಮಗೇ ಬೈದುಕೊಳ್ಳುವವರು. ಅವರಿಗೆ ಹಳೇ ಫೋಟೊಗಳನ್ನು ಫೋನಿಗೆ ಸ್ಕ್ಯಾನ್ ಮಾಡೋದು ಬೇಕಿತ್ತು. ಶೂ ಡಬ್ಬದ ತುಂಬ ಫೋಟೊ.

ಒಂದು ಫೋಟೊದಲ್ಲಿ ಸಾಲಾಗಿ ಅಂಗಡಿಗಳು, ಕೋಟು ಹಾಕಿದ ಗಂಡಸರು, ದೊಡ್ಡ ದೊಡ್ಡ ಕಾರು. ‘ಇದು ಡೌನ್‌ಟೌನ್ ಅಲ್ವಾ? ರಿಚ್ಸ್ ಹತ್ತಿರನಾ?’ ಅಂದೆ ನಾನು, ನನ್ನ ಜ್ಞಾನ ತೋರಿಸೋಕೆ.

ಟೀಚರ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ‘ಅಲ್ಲ ಬೇಬಿ. ಇದು ಆಬರ್ನ್ ಅವೆನ್ಯೂ. ನಮ್ಮ ಬೀದಿ.’

ಆವತ್ತಿಂದ ನನಗೆ ಎರಡನೇ ಅಟ್ಲಾಂಟಾದ ಪರಿಚಯ ಆಯ್ತು. ಓನರ್ ಅಜ್ಜಿಯ ಊರಿಂದ ನಡೆದು ಹೋಗುವಷ್ಟು ದೂರದಲ್ಲೇ ಇದ್ದ, ಆದರೆ ಅವರ ಕಥೆಗಳಲ್ಲಿ ಒಂದು ಸಲವೂ ಬಂದಿರದ ಊರು.

ಆಬರ್ನ್ ಅವೆನ್ಯೂ ಅಂದರೆ ಕಪ್ಪು ಜನರದ್ದೇ ವ್ಯಾಪಾರದ ಬೀದಿ. ಬ್ಯಾಂಕು, ಔಷಧಿ ಅಂಗಡಿ, ಕ್ಷೌರದಂಗಡಿ, ದರ್ಜಿ, ಪತ್ರಿಕೆ, ಎಲ್ಲ. ಗುಲಾಮಗಿರಿಯಲ್ಲೇ ಹುಟ್ಟಿ, ಕ್ಷೌರದ ಕೆಲಸದಿಂದ ಮೇಲೆ ಬಂದ ಅಲಾಂಜೊ ಹರ್ನ್‌ಡನ್ ಕಟ್ಟಿದ ವಿಮಾ ಕಂಪನಿ ಅಲ್ಲೇ ಇತ್ತು. 1956ರಲ್ಲಿ ‘ಫಾರ್ಚ್ಯೂನ್’ ಪತ್ರಿಕೆ ಇದನ್ನು ಜಗತ್ತಿನಲ್ಲೇ ಅತಿ ಶ್ರೀಮಂತವಾದ ಕಪ್ಪು ಜನರ ಬೀದಿ ಅಂತ ಕರೆಯಿತು. 1949ರಲ್ಲಿ ಕಪ್ಪು ಮಾಲೀಕರ ಮೊದಲ ರೇಡಿಯೊ ಸ್ಟೇಷನ್ ಡಬ್ಲ್ಯೂಇಆರ್‌ಡಿ ಈ ಊರಲ್ಲಿ ಶುರುವಾಯ್ತು. ಅದು ಇದ್ದ ಕಟ್ಟಡದ ಕೆಳಗಡೆಯೇ ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆಯ ಕಚೇರಿ. ಅವರು ಏನಾದರೂ ರೇಡಿಯೊದಲ್ಲಿ ಹೇಳಬೇಕು ಅಂದರೆ ಪೊರಕೆ ಕೋಲಿಂದ ಚಾವಣಿ ಕುಟ್ಟುತ್ತಿದ್ದರಂತೆ, ಮೇಲಿನಿಂದ ಕಿಟಕಿಯಲ್ಲಿ ಮೈಕ್ ಇಳಿಬಿಡ್ತಿದ್ದರಂತೆ. ಈ ಕಥೆ ಹೇಳುವಾಗ ಟೀಚರ್ ತಾವೇ ಕೈ ಎತ್ತಿ ಚಾವಣಿ ಕುಟ್ಟಿ ತೋರಿಸಿದರು.

‘ರಾಯಲ್ ಪೀಕಾಕ್’ ಅನ್ನೋ ಕ್ಲಬ್. ಕ್ಯಾರಿ ಕನಿಂಗ್‌ಹ್ಯಾಮ್ ಅನ್ನೋ ಹೆಂಗಸು ನಡೆಸ್ತಿದ್ದದ್ದು. ರೇ ಚಾರ್ಲ್ಸ್, ಜೇಮ್ಸ್ ಬ್ರೌನ್, ಲಿಟ್ಲ್ ರಿಚರ್ಡ್ ಎಲ್ಲ ಹಾಡಿದ ವೇದಿಕೆ. ಟೀಚರ್‌ಗೆ ಒಳಗೆ ಹೋಗುವ ವಯಸ್ಸಾಗಿರಲಿಲ್ಲ. ಅಕ್ಕನ ಜೊತೆ ಎದುರಿನ ಫುಟ್‌ಪಾತಲ್ಲಿ ನಿಂತು ಕೇಳ್ತಿದ್ದರಂತೆ. ಊರಿನ ಇನ್ನೊಂದು ಕಡೆ ‘ಪಾಸ್ಕಲ್ಸ್’ ಹೋಟೆಲ್. ಜೇಮ್ಸ್ ಮತ್ತು ರಾಬರ್ಟ್ ಅನ್ನೋ ಅಣ್ಣತಮ್ಮಂದಿರು 1947ರಲ್ಲಿ ಶುರು ಮಾಡಿದ್ದು. ಅಲ್ಲಿಯ ಫ್ರೈಡ್ ಚಿಕನ್ ಹೆಸರುವಾಸಿ. ಚಳವಳಿಯ ಮೀಟಿಂಗುಗಳು ನಡೀತಿದ್ದದ್ದೂ ಅದರ ಟೇಬಲ್ ಸುತ್ತಲೇ.

ನಾನು ಪಿಂಕ್ ಪಿಗ್ ಬಗ್ಗೆ ಕೇಳಿದೆ. ಟೀಚರ್ ನಕ್ಕರು. ‘ನನ್ನ ಮೊಮ್ಮಗಳು ಹತ್ತಿದ್ದಾಳೆ. ಮೂರು ಸಲ.’

ಫಾಕ್ಸ್ ಥಿಯೇಟರ್? ‘ಹೋಗಿದ್ದೀನಲ್ಲ. ನಕ್ಷತ್ರಗಳು ನಮಗೆ ಇನ್ನೂ ಹತ್ತಿರ ಕಾಣ್ತಿದ್ವು’ ಅಂದರು. ನನಗೆ ಅರ್ಥ ಆಗಲಿಲ್ಲ. ಆಮೇಲೆ ವಿವರಿಸಿದರು. ಮುಂದಿನ ದೊಡ್ಡ ಬಾಗಿಲು, ಕಾರ್ಪೆಟ್ಟು, ಕಾರಂಜಿ ಎಲ್ಲ ಬಿಳಿಯರಿಗೆ. ಕಪ್ಪು ಜನಕ್ಕೆ ಪಕ್ಕದ ರಸ್ತೆಯ ಕಡೆಯಿಂದ ಬೇರೆ ಬಾಗಿಲು, ಗೋಡೆಗೆ ಹೊರಗಿಂದ ಅಂಟಿಕೊಂಡ ಮೆಟ್ಟಿಲು. ಅದನ್ನು ಹತ್ತಿ ತೀರಾ ಮೇಲಿನ ಬಾಲ್ಕನಿಗೆ ಹೋಗಿ ಕೂರಬೇಕು. ಈ ವ್ಯವಸ್ಥೆ ಹೋಗಿದ್ದು 1962ರ ಹೊತ್ತಿಗೆ.

ಇನ್ನೊಂದು ಮಾತು ಹೇಳಿದರು, ಅದು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಚಿಕ್ಕವರಿದ್ದಾಗ ಅವರಿಗೆ ಶೂ ತರಬೇಕು ಅಂದರೆ ಅವರಮ್ಮ ಹಾಳೆಯ ಮೇಲೆ ಮಗಳ ಕಾಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೀತಿದ್ದರು. ಆ ಹಾಳೆ ಹಿಡಿದು ಅಂಗಡಿಗೆ ಹೋಗೋದು. ಯಾಕಂದರೆ ಕಪ್ಪು ಮಕ್ಕಳು ಅಂಗಡಿಯಲ್ಲಿ ಶೂ ಹಾಕಿ ನೋಡೋ ಹಾಗಿರಲಿಲ್ಲ. ‘ಅಮ್ಮ ಅದನ್ನ ಒಂದು ಆಟ ಅಂತ ಹೇಳಿದ್ದಳು. ಕಾಲು ಕಚಗುಳಿ ಆಗಿ ನಾನು ನಗ್ತಿದ್ದೆ. ಅದು ಆಟ ಅಲ್ಲ ಅಂತ ಗೊತ್ತಾದಾಗ ನನಗೆ ಹತ್ತು ವರ್ಷ.’

1960ರ ಅಕ್ಟೋಬರ್ 19ರಂದು ಇಲ್ಲಿಯ ಕಪ್ಪು ಕಾಲೇಜುಗಳ ಹುಡುಗ ಹುಡುಗಿಯರು ಡೌನ್‌ಟೌನ್ ಅಂಗಡಿಗಳಿಗೆ ಹೋಗಿ, ಊಟಕ್ಕೆ ಕೂತು, ಎದ್ದೇಳಲ್ಲ ಅಂದರು. ರಿಚ್ಸ್‌ಗೆ ಹೋದ ಗುಂಪಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದ್ದರು. ಅವರನ್ನೂ ವಿದ್ಯಾರ್ಥಿಗಳನ್ನೂ ಪೊಲೀಸರು ಹಿಡಿದೊಯ್ದರು. ಆಮೇಲೆ ಕಪ್ಪು ಜನ ಡೌನ್‌ಟೌನ್‌ನಲ್ಲಿ ಖರೀದಿಯನ್ನೇ ನಿಲ್ಲಿಸಿದರು. ‘ಆ ಕ್ರಿಸ್‌ಮಸ್‌ಗೆ ನಮಗೆ ಹೊಸ ಬಟ್ಟೆ ಇಲ್ಲ. ಅಮ್ಮ ಹಳೇ ಕೋಟಿಗೇ ಹೊಸ ಗುಂಡಿ ಹಾಕಿಕೊಟ್ಟಳು. ಅಷ್ಟು ಜಂಬದಿಂದ ನಾನು ಯಾವ ಕೋಟನ್ನೂ ಹಾಕಿಲ್ಲ’ ಅಂದರು ಟೀಚರ್. ಮುಂದಿನ ವರ್ಷ ಸೆಪ್ಟೆಂಬರಲ್ಲಿ ಊಟದ ಕೌಂಟರುಗಳು ಎಲ್ಲರಿಗೂ ತೆರೆದವು.

ಇಲ್ಲಿಗೆ ಕಥೆ ಸುಖಾಂತ್ಯ ಅಂದುಕೊಂಡೆ ನಾನು. ಟೀಚರ್ ತಲೆ ಅಲ್ಲಾಡಿಸಿದರು. ‘ಅವರ ಬಾಗಿಲು ತೆರೀತು, ಒಳ್ಳೇದೇ ಆಯ್ತು. ನಾವೆಲ್ಲ ಅಲ್ಲಿಗೆ ಹೋದ್ವಿ. ನಮ್ಮ ಬೀದಿ ಬಡವಾಯ್ತು.’ ಅಷ್ಟು ಸಾಲದು ಅಂತ, ಆ ವರ್ಷಗಳಲ್ಲೇ ಆಬರ್ನ್ ಅವೆನ್ಯೂವನ್ನು ಅಡ್ಡಲಾಗಿ ಸೀಳಿಕೊಂಡು ಹೆದ್ದಾರಿ ಎದ್ದಿತು. ನಾನು ದಿನಾ ಆಫೀಸಿಗೆ ಹೋಗೋದು ಅದೇ ಹೆದ್ದಾರಿಯಲ್ಲಿ. ಕೆಳಗೆ ಏನಿದೆ ಅಂತ ಒಮ್ಮೆಯೂ ನೋಡಿರಲಿಲ್ಲ.

* * *

ಒಂದು ಸಂಜೆ ಧೈರ್ಯ ಮಾಡಿ ಓನರ್ ಅಜ್ಜಿಯನ್ನು ಕೇಳಿದೆ. ಫಾಕ್ಸ್ ಥಿಯೇಟರಿನ ಆ ಪಕ್ಕದ ಮೆಟ್ಟಿಲು ನಿಮಗೆ ನೆನಪಿದೆಯಾ ಅಂತ.

ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಲೋಟದ ಐಸ್ ಕರಗಿತು. ಬೇಜಾರಾಯ್ತೇನೋ, ಬಾಡಿಗೆ ಮನೆ ಹೋಯ್ತೇನೋ ಅಂತ ನನಗೆ ಭಯ.

‘ಇದೆ’ ಅಂದರು ಕೊನೆಗೆ. ‘ಆ ಮೆಟ್ಟಿಲು ಎಲ್ಲಿಗೆ ಹೋಗುತ್ತೆ ಅಂತ ಅಪ್ಪನನ್ನ ಕೇಳಿದ್ದೆ. ಮೇಲಕ್ಕೆ ಅಂದರು. ನಾನು ಮುಂದಕ್ಕೆ ಕೇಳಲಿಲ್ಲ.’

ಸ್ವಲ್ಪ ಹೊತ್ತು ಬಿಟ್ಟು, ‘ಕೇಳಬಹುದಿತ್ತು’ ಅಂದರು. ಎದ್ದು ಒಳಗೆ ಹೋದರು.

ನಿಜ ಹೇಳ್ತೀನಿ, ಆವತ್ತು ನನಗೆ ಒಳಗೊಳಗೇ ಒಂದು ಗೆದ್ದ ಭಾವನೆ. ಇಷ್ಟು ವರ್ಷ ಚಹಾ ಕುಡ್ಕೊಂಡು ಹಳೇ ಊರು ಹೊಗಳ್ತಿದ್ರಲ್ಲ, ಸರಿಯಾಗಿ ಕೇಳಿದೆ ಅಂತ. ನಾನು ಹೊರಗಿನವಳು, ಈ ಪಾಪದಲ್ಲಿ ನನಗೆ ಪಾಲಿಲ್ಲ ಅನ್ನೋ ನಿರಾಳ.

ಮುಂದಿನ ಶನಿವಾರ ಟೀಚರ್ ನನ್ನನ್ನು ಆಬರ್ನ್ ಅವೆನ್ಯೂಗೆ ಕರ್ಕೊಂಡು ಹೋದರು. ಕಿಂಗ್ ಹುಟ್ಟಿದ ಮನೆ, ಅವರ ಎಬನೇಜರ್ ಚರ್ಚು ಎಲ್ಲ ಅಲ್ಲೇ. ಹತ್ತಿರದಲ್ಲಿ ನಮ್ಮ ಗಾಂಧಿಯ ಪ್ರತಿಮೆಯೂ ಇದೆ. ನಾನು ಖುಷಿಯಿಂದ ಸೆಲ್ಫಿ ತಗೊಂಡೆ. ಆಗ ಟೀಚರ್ ಕೇಳಿದರು, ‘ಡಾಕ್ಟರ್ ಕಿಂಗ್ ನಿಮ್ಮ ದೇಶಕ್ಕೆ ಹೋಗಿದ್ದ ಕಥೆ ಗೊತ್ತಾ?’

1959ರಲ್ಲಿ ಕಿಂಗ್ ದಂಪತಿ ಭಾರತಕ್ಕೆ ಬಂದಿದ್ದರು. ಕೇರಳದ ಒಂದು ಶಾಲೆಯಲ್ಲಿ, ಹೆಚ್ಚಾಗಿ ದಲಿತ ಮಕ್ಕಳೇ ಓದುತ್ತಿದ್ದ ಶಾಲೆ, ಪ್ರಾಂಶುಪಾಲರು ಅವರನ್ನು ಪರಿಚಯಿಸುತ್ತಾ ಅಮೆರಿಕದಿಂದ ಬಂದ ಒಬ್ಬ ಅಸ್ಪೃಶ್ಯ ಅಂದರಂತೆ. ಕಿಂಗ್‌ಗೆ ಮೊದಲು ಆಘಾತ, ಸ್ವಲ್ಪ ಸಿಟ್ಟು ಕೂಡ. ಆಮೇಲೆ ಕೂತು ಯೋಚಿಸಿದಾಗ ಹೌದು, ನಾನೂ ಅಸ್ಪೃಶ್ಯನೇ, ಅಮೆರಿಕದ ಪ್ರತಿಯೊಬ್ಬ ಕಪ್ಪು ಮನುಷ್ಯನೂ ಅಸ್ಪೃಶ್ಯನೇ ಅನ್ನಿಸಿತಂತೆ. 1965ರ ಜುಲೈ 4ರಂದು, ಇದೇ ಚರ್ಚಿನಲ್ಲಿ ನಿಂತು ಅವರು ಈ ಪ್ರಸಂಗ ಹೇಳಿದ್ದರು.

ಕಥೆ ಮುಗಿಸಿ ಟೀಚರ್ ಸಹಜವಾಗಿ ಕೇಳಿದರು, ‘ನಿಮ್ಮೂರಲ್ಲಿ ಹೋಟೆಲ್‌ಗಳು ಹೇಗಿದ್ವು?’

‘ನಮ್ಮ ಅಜ್ಜಂದೇ ಹೋಟೆಲ್ ಇತ್ತು!’ ಅಂದೆ ನಾನು. ಉಡುಪಿ ಕಡೆಯಿಂದ ಬರಿಗೈಲಿ ಬಂದು, ಬಯಲುಸೀಮೆಯ ಒಂದು ತಾಲ್ಲೂಕು ಊರಲ್ಲಿ ಅಜ್ಜ ಹೋಟೆಲ್ ಇಟ್ಟದ್ದು, ಬೆಳಗಿನ ಜಾವ ಮೂರಕ್ಕೇ ಒಲೆ ಹಚ್ಚುತ್ತಿದ್ದದ್ದು, ಗೋಳಿಬಜೆ, ಬನ್ಸ್, ಹಿತ್ತಾಳೆ ಫಿಲ್ಟರಿನ ಕಾಫಿ, ದುಡ್ಡಿಲ್ಲದ ಸ್ಕೂಲ್ ಹುಡುಗರಿಗೆ ಪುಕ್ಕಟೆ ಇಡ್ಲಿ... ನಮ್ಮ ಮನೆಯಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿದ್ದನ್ನೆಲ್ಲ ಹೇಳಿದೆ.

ಟೀಚರ್ ಆಸಕ್ತಿಯಿಂದ ಕೇಳಿಸಿಕೊಂಡರು. ‘ಎಲ್ಲರಿಗೂ ಕೊಡ್ತಿದ್ರಾ?’

‘ಹೌದು, ಎಲ್ಲರಿಗೂ.’

ಒಂದು ಕ್ಷಣವೂ ಯೋಚಿಸದೆ ಹೇಳಿದ್ದೆ.

* * *

ಅಜ್ಜನ ತಿಥಿಯ ದಿನ ನಮ್ಮ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಪ್ರತಿ ವರ್ಷ ಒಂದು ಫೋಟೊ ಬರುತ್ತೆ. ಹೋಟೆಲಿನ ಮುಂದೆ ಅಜ್ಜ, ಬಿಳಿ ಪಂಚೆ, ಹೆಗಲಿಗೆ ಟವೆಲ್. ಹಿಂದೆ ಬೋರ್ಡು. ದೊಡ್ಡಪ್ಪ ಹಾಕ್ತಾರೆ, ಎಲ್ಲರೂ ಕೈಮುಗಿಯುವ ಇಮೋಜಿ ಹಾಕ್ತೀವಿ. ‘ಆ ಕಾಫಿ ರುಚಿ ಈಗಿಲ್ಲ’ ಅಂತ ಯಾರಾದರೂ ಬರೀತಾರೆ.

ಈ ಸಲ ಫೋಟೊ ಬಂದಾಗ ನಾನು ಝೂಮ್ ಮಾಡಿದೆ. ಬೋರ್ಡಿನ ಮೇಲೆ ದೇವರ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬ್ರಾಹ್ಮಣರ ಫಲಹಾರ ಮಂದಿರ’.

ಅದನ್ನು ನಾನು ಮೊದಲ ಸಲ ಓದಿದ್ದಲ್ಲ. ಹತ್ತಾರು ಸಲ ಓದಿದ್ದೆ. ಶುಚಿ ರುಚಿ ಅಂತ ಅದರ ಅರ್ಥ ಅಂದುಕೊಂಡಿದ್ದೆ.

ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಏಳು ಗಂಟೆ, ವಾಕಿಂಗ್ ಮುಗಿಸಿ ಬಂದಿದ್ದರು.

‘ಅಪ್ಪಾ, ಅಜ್ಜನ ಹೋಟೆಲ್‌ಗೆ ಎಲ್ಲರೂ ಬರ್ತಿದ್ರಾ?’

‘ಬರ್ತಿದ್ರಲ್ಲ. ಇಡೀ ಊರೇ ಬರ್ತಿತ್ತು.’

‘ಇಡೀ ಊರು ಅಂದ್ರೆ? ಎಲ್ಲಾ ಜಾತಿಯವರೂ? ಒಳಗೆ?’

ಅಪ್ಪ ಸುಮ್ಮನಾದರು. ಓನರ್ ಅಜ್ಜಿಯ ಮೌನದಷ್ಟೇ ಉದ್ದ.

‘ಹಿಂದಿನ ಗಲ್ಲಿ ಕಡೆ ಒಂದು ಕಿಟಕಿ ಇತ್ತು’ ಅಂದರು. ‘ಕೆಳಗಡೆ ಒಂದು ಹಲಗೆ. ಅದರ ಮೇಲೆ ಬೇರೆ ಗಾಜಿನ ಲೋಟ ಇಟ್ಟಿರೋರು. ಮೇಲಿಂದ ಸುರೀತಿದ್ರು. ಕುಡಿದು, ಅವರೇ ತೊಳೆದು, ಕವುಚಿ ಇಟ್ಟು ಹೋಗಬೇಕಿತ್ತು.’

‘ಇದು ಯಾವಾಗ?’

‘ನಾನು ಏಳನೇ ಕ್ಲಾಸು. ಅರವತ್ನಾಲ್ಕು ಇರಬೇಕು.’

1964. ಇಲ್ಲಿ ಅಮೆರಿಕದಲ್ಲಿ ಹೋಟೆಲು, ಥಿಯೇಟರುಗಳಲ್ಲಿ ಬಣ್ಣದ ಭೇದ ಮಾಡಬಾರದು ಅಂತ ಕಾನೂನು ಬಂದ ವರ್ಷ. ನಮ್ಮಲ್ಲಿ ಸಂವಿಧಾನ ಬಂದು ಆಗಲೇ ಹದಿನಾಲ್ಕು ವರ್ಷ, ಅಸ್ಪೃಶ್ಯತೆ ಅಪರಾಧ ಅನ್ನೋ ಕಾನೂನು ಬಂದು ಒಂಬತ್ತು ವರ್ಷ ಆಗಿತ್ತು. ಕಾನೂನು ಊರಿಗೆ ಬಂದಿತ್ತು. ನಮ್ಮ ಹೋಟೆಲಿನ ಹಿಂದಿನ ಕಿಟಕಿವರೆಗೆ ಬಂದಿರಲಿಲ್ಲ.

ಅಪ್ಪ ಆಮೇಲೆ ತಾವಾಗಿಯೇ ಹೇಳಿದರು. ಅವರ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ. ಲೆಕ್ಕದಲ್ಲಿ ಅಪ್ಪನಿಗಿಂತ ಮುಂದೆ. ಇಬ್ಬರೂ ಒಂದೇ ಬೆಂಚು, ಒಟ್ಟಿಗೇ ಗೋಲಿ, ಒಟ್ಟಿಗೇ ಕೆರೆ ಈಜು. ಒಂದು ಸಂಜೆ ಸ್ಕೂಲು ಬಿಟ್ಟಾಗ ಜೋರು ಮಳೆ. ಇಬ್ಬರೂ ಒಂದೇ ಗೋಣಿಚೀಲದ ಕೊಪ್ಪೆ ಹೊದ್ದುಕೊಂಡು ಓಡಿ ಬಂದರು. ಹೋಟೆಲ್ ಬಂತು. ಅಪ್ಪ ಮುಂದಿನ ಬಾಗಿಲಿಂದ ಒಳಗೆ ನುಗ್ಗಿದರು. ತಿರುಗಿ ನೋಡಿದರೆ ಅವನಿಲ್ಲ.

‘ಯಾರೂ ಏನೂ ಹೇಳ್ಲಿಲ್ಲ ಪುಟ್ಟಿ. ಬೇಡ ಅಂತ ಯಾರೂ ತಡೀಲೂ ಇಲ್ಲ. ಅವನೇ ಸುತ್ತು ಹಾಕ್ಕೊಂಡು ಹಿಂದಿನ ಕಿಟಕಿಗೆ ಹೋಗಿದ್ದ. ಆ ಮಳೇಲಿ. ನಾನು ಒಳಗಿಂದ ನೋಡ್ದೆ. ನಿಮ್ಮಜ್ಜ ಅವನಿಗೆ ಬಿಸಿ ಕಾಫಿ ಸುರಿದರು. ದುಡ್ಡು ತಗೊಳ್ಳಲಿಲ್ಲ. ನಿಮ್ಮಜ್ಜ ಕೆಟ್ಟವರಲ್ಲ ಕಣೆ.’

‘ಗೊತ್ತು ಅಪ್ಪ.’

‘ಪುಕ್ಕಟೆ ಕೊಟ್ಟರು, ಒಳಗೆ ಕರೀಲಿಲ್ಲ’ ಅಂದರು ಅಪ್ಪ. ಅವರ ದನಿ ಯಾವತ್ತಿನ ಹಾಗಿರಲಿಲ್ಲ. ‘ನಾನೂ ಕರೀಲಿಲ್ಲ.’

ಮಾರನೇ ದಿನದಿಂದ ಆ ಹುಡುಗ ಅಪ್ಪನ ಪಕ್ಕ ಕೂರಲಿಲ್ಲವಂತೆ. ಅಪ್ಪನೂ ಯಾಕೆ ಅಂತ ಕೇಳಲಿಲ್ಲವಂತೆ. ಅರವತ್ತು ವರ್ಷ ಇದನ್ನು ಅಪ್ಪ ಅಮ್ಮನಿಗೂ ಹೇಳಿರಲಿಲ್ಲ.

* * *

ಮುಂದಿನ ತಿಂಗಳು ಲೈಬ್ರರಿಗೆ ಹೋಗುವಾಗ ಹೊಟ್ಟೆಯಲ್ಲಿ ಸಂಕಟ. ಟೀಚರ್ ಹತ್ತಿರ ಕೂತು, ‘ಆವತ್ತು ನಾನು ಹೇಳಿದ್ದು ತಪ್ಪು. ಅಜ್ಜನ ಹೋಟೆಲಲ್ಲಿ ಎಲ್ಲರಿಗೂ ಕೊಡ್ತಿದ್ರು, ಆದರೆ ಎಲ್ಲರಿಗೂ ಒಳಗೆ ಅಲ್ಲ’ ಅಂದೆ. ಕಿಟಕಿ, ಲೋಟ, ಮಳೆ, ಎಲ್ಲ ಹೇಳಿದೆ. ಬೈತಾರೆ ಅಂದುಕೊಂಡೆ. ಅಥವಾ ಸಮಾಧಾನ ಮಾಡ್ತಾರೆ ಅಂದುಕೊಂಡೆ. ಎರಡೂ ಮಾಡಲಿಲ್ಲ.

‘ಆ ಹುಡುಗ ಬದುಕಿದ್ದಾರಾ?’ ಅಂತ ಕೇಳಿದರು.

‘ಗೊತ್ತಿಲ್ಲ.’

‘ಹಾಗಾದರೆ ನಿನ್ನ ಅಪ್ಪನಿಗೆ ಒಂದು ಕೆಲಸ ಇದೆ’ ಅಂದು, ಫೋಟೊ ಡಬ್ಬದಿಂದ ಮುಂದಿನ ಫೋಟೊ ತೆಗೆದು ಕೊಟ್ಟರು. ಸ್ಕ್ಯಾನ್ ಮಾಡಿದೆ.

ಆ ಸಂಜೆ ನಾನೇ ಓನರ್ ಅಜ್ಜಿಗೆ ಫಿಲ್ಟರ್ ಕಾಫಿ ಮಾಡಿಕೊಂಡು ಕೆಳಗೆ ಹೋದೆ. ಅಜ್ಜನ ಹೋಟೆಲಿನ ಕಥೆ ಅವರಿಗೂ ಹೇಳಿದೆ, ಕಿಟಕಿ ಸಮೇತ. ಅವರು ಕೇಳಿ, ‘ಕಾಫಿ ಚೆನ್ನಾಗಿದೆ’ ಅಂದರು. ಸ್ವಲ್ಪ ಹೊತ್ತಾದ ಮೇಲೆ, ‘ನಿನ್ನ ಆ ಟೀಚರ್‌ಗೆ ಚಹಾ ಇಷ್ಟಾನಾ?’ ಅಂತ ಕೇಳಿದರು. ಕೇಳಿ ಹೇಳ್ತೀನಿ ಅಂದೆ.

ಡೌನ್‌ಟೌನ್‌ನ ರಿಚ್ಸ್ 1991ರಲ್ಲೇ ಮುಚ್ಚಿತು. ಗಾಜಿನ ಸೇತುವೆ ಈಗಿಲ್ಲ. ಪಿಂಕ್ ಪಿಗ್ ರೈಲನ್ನು ಊರಿನ ಇತಿಹಾಸದ ಮ್ಯೂಸಿಯಮ್ಮಿನವರು ಜೋಪಾನ ಮಾಡಿದ್ದಾರೆ. ಫಾಕ್ಸ್ ಥಿಯೇಟರಿನ ಚಾವಣಿಯಲ್ಲಿ ನಕ್ಷತ್ರಗಳು ಇನ್ನೂ ಮಿನುಗುತ್ತಿವೆ. ಈಗ ಯಾರು ಎಲ್ಲಿ ಬೇಕಾದರೂ ಕೂತು ನೋಡಬಹುದು. ಅವು ಚೆಂದ ಇದ್ದದ್ದು ಸುಳ್ಳಲ್ಲ. ಓನರ್ ಅಜ್ಜಿಯ ನೆನಪೂ ಸುಳ್ಳಲ್ಲ, ನಮ್ಮ ಅಜ್ಜನ ಕಾಫಿಯ ರುಚಿಯೂ ಸುಳ್ಳಲ್ಲ. ಆದರೆ ನಾವು ಹೇಳ್ತಿದ್ದದ್ದು ಮುಂದಿನ ಬಾಗಿಲಿಂದ ಕಂಡಷ್ಟು ಮಾತ್ರ.

ಹೋದ ವಾರ ಅಪ್ಪ ಫೋನ್ ಮಾಡಿದ್ದರು. ಹಳೇ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗ್ರೂಪಲ್ಲಿ ವಿಚಾರಿಸಿ ವಿಚಾರಿಸಿ ಆ ಗೆಳೆಯರ ನಂಬರ್ ಸಿಕ್ಕಿದೆಯಂತೆ. ಬ್ಯಾಂಕಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆಗಿದ್ದಾರೆ, ದಾವಣಗೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಂಬರ್ ಸಿಕ್ಕಿ ನಾಲ್ಕು ದಿನ ಆದರೂ ಅಪ್ಪ ಫೋನ್ ಮಾಡಿಲ್ಲ.

‘ಏನಂತ ಮಾತು ಶುರು ಮಾಡಲಿ? ಕಾಫಿಗೆ ಬಾ ಅಂದ್ರೆ ತಮಾಷೆ ಮಾಡಿದ ಹಾಗೆ ಆಗಲ್ವಾ?’

‘ಕರೀಬೇಡಿ ಅಪ್ಪ. ನೀವೇ ಅವರ ಮನೆಗೆ ಹೋಗಿ. ಕೊಟ್ಟರೆ ಅಲ್ಲಿ ಕುಡೀರಿ.’

‘ಕೊಡದಿದ್ರೆ?’

‘ಕೊಡದಿದ್ರೆ ವಾಪಸ್ ಬನ್ನಿ.’

ಅಪ್ಪ ನಕ್ಕರು. ಬಸ್ ಟೈಮಿಂಗ್ ನೋಡ್ತೀನಿ ಅಂದರು.

ನಿಮ್ಮ ಮನೆಯಲ್ಲೂ ಹಳೇ ಹೋಟೆಲು, ಹಳೇ ಟಾಕೀಸು, ಹಳೇ ಅಂಗಡಿಯ ಕಥೆ ಹೇಳೋ ಹಿರಿಯರು ಇದ್ದೇ ಇರ್ತಾರೆ. ಕೇಳಿ, ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅವರು ಇರುವಾಗಲೇ ಇನ್ನೊಂದು ಮಾತೂ ಕೇಳಿಬಿಡಿ: ಒಳಗೆ ಯಾರು ಬರ್ತಿರಲಿಲ್ಲ? ಅವರು ಸ್ವಲ್ಪ ಹೊತ್ತು ಸುಮ್ಮನಾಗಬಹುದು. ಅವಸರ ಮಾಡಬೇಡಿ, ಕಾಯಿರಿ.